ಉಳಿಯ ಬಾಯಿಗೆ ನೀಲಿ ಬಂದರೆ ಹದ ಹೋಯಿತೆಂದೇ ಲೆಕ್ಕ

ಕೆತ್ತನೆಯ ಬಾಗಿದ ಉಳಿಗಳನ್ನು ಕರೆಂಟಿನ ಸಾಣೆಯವರ ಕೈಗೆ ಕೊಡಬೇಡಿ. ಕೊಟ್ಟು ಐದು ಉಳಿಗಳನ್ನು ಕೆಡಿಸಿಕೊಂಡು, ಎಡಗೈ ಹೆಬ್ಬೆರಳಿನ ಬುಡಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡವನ ಮಾತು ಇದು.

ಕೆತ್ತನೆ ನನಗೆ ಕುಲಕಸುಬಲ್ಲ, ಭಾನುವಾರದ ಹುಚ್ಚು. ಕೆತ್ತನೆಯೇ ಕುಲಕಸುಬಾದ ಸಾಗರದ ಹಿರಿಯ ಗುಡಿಗಾರರೊಬ್ಬರ ಬಳಿ ಕೂತು ಒಂದಿಷ್ಟು ಕಲಿತೆ. ಶ್ರೀಗಂಧ ಮುಟ್ಟುವ ಯೋಗ್ಯತೆ ಇನ್ನೂ ಬಂದಿಲ್ಲವೆಂದು ಅವರು ಶಿವನೆ ಮರದ ತುಂಡನ್ನೇ ಕೊಡುತ್ತಿದ್ದರು. ಬೆಂಗಳೂರಿಗೆ ಮರಳಿದ ಮೇಲೆ ಉಳಿಗಳು ಮೊಂಡಾದವು. ನೇರ ಬಾಯಿಯದನ್ನು ಮಸೆಗಲ್ಲಿನ ಮೇಲೆ ಉಜ್ಜಲು ಬರುತ್ತಿತ್ತು. ಅರ್ಧಚಂದ್ರದ ಬಾಯಿಯದಕ್ಕೆ ಧೈರ್ಯ ಸಾಲಲಿಲ್ಲ. ಕತ್ತರಿ, ಮಿಕ್ಸಿ ಬ್ಲೇಡು ಸಾಣೆ ಹಿಡಿಯುವ ಅಂಗಡಿಯೊಂದಕ್ಕೆ ಒಯ್ದೆ.

ಅಂಗಡಿಯವರು ಚಕ್ರಕ್ಕೆ ಉಳಿಯನ್ನು ಒತ್ತಿ ಹಿಡಿದರು. ಕಿಡಿಗಳ ಜಡಿಮಳೆ. ನೋಡನೋಡುತ್ತಿದ್ದಂತೆ ಅಲಗಿನ ತುದಿ ಒಣಹುಲ್ಲಿನ ಹಳದಿಗೆ ತಿರುಗಿತು, ಆಮೇಲೆ ಕಂದು, ಆಮೇಲೆ ನವಿಲುಗರಿಯಂಥ ನೀಲಿ. ಎಷ್ಟು ಚೆನ್ನಾಗಿದೆ ಎಂದುಕೊಂಡೆ, ದಡ್ಡ ನಾನು! ಅವರು ಅದನ್ನು ಡಬ್ಬದ ನೀರಿಗೆ ಚುಂಯ್ ಎನಿಸಿ, ತಮ್ಮ ಮುಂಗೈಯ ಕೂದಲನ್ನೇ ಬೋಳಿಸಿ ತೋರಿಸಿದರು. ‘ನೋಡಿ ಸಾರ್, ಬ್ಲೇಡಿದ್ದ ಹಾಗಿದೆ.’ ನಿಜಕ್ಕೂ ಹಾಗೆಯೇ ಇತ್ತು. ಮೋಸ ಹೋದದ್ದು ಅಲ್ಲೇ.

ಹರಿತ ಬೇರೆ, ಹದ ಬೇರೆ. ಕಾರ್ಬನ್ ಉಕ್ಕಿನ ಅಲಗು 230 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹಳದಿಯಾಗುತ್ತದೆ, 300ರ ಆಸುಪಾಸಿಗೆ ನೀಲಿಯಾಗುತ್ತದೆ. ನೀಲಿಯಾಯಿತೆಂದರೆ ಕೆತ್ತನೆಗೆ ಬೇಕಾದ ಗಡಸುತನ ಇಳಿದುಹೋಯಿತು. ಆಮೇಲೆ ನೀರಿನಲ್ಲಿ ಅದ್ದಿದರೆ ಉಳಿ ತಣ್ಣಗಾಗುತ್ತದೆಯೇ ಹೊರತು ಹದ ಹಿಂದಿರುಗುವುದಿಲ್ಲ. ಅದಕ್ಕೆ ಕುಲುಮೆಯಲ್ಲಿ ಕೆಂಪಗೆ ಕಾಯಿಸಿಯೇ ಅದ್ದಬೇಕು. ಬಾಗಿದ ಉಳಿಯ ಅಂಚು ತೆಳುವಾದ್ದರಿಂದ ಬಿಸಿ ಹರಿದುಹೋಗಲು ಜಾಗವೂ ಇರುವುದಿಲ್ಲ. ನಿಮಿಷಕ್ಕೆ ಮೂರು ಸಾವಿರದ ಹತ್ತಿರ ಸುತ್ತುವ ಒಣ ಚಕ್ರಕ್ಕೆ ಎರಡು ಕ್ಷಣ ಸಾಕು.

ಮನೆಯಲ್ಲಿ ಹದಿನೈದು ನಿಮಿಷ ಬೆಣ್ಣೆ ಕೊಯ್ದಂತೆ ಕೊಯ್ಯಿತು. ಆಮೇಲೆ ಅಂಚು ಒಳಕ್ಕೆ ಮಡಚಿಕೊಂಡಿತು. ನನಗೆ ತಿಳಿಯಲಿಲ್ಲ, ಮರದಲ್ಲಿ ಗಂಟಿರಬೇಕೆಂದು ಇನ್ನಷ್ಟು ಬಲ ಹಾಕಿದೆ. ಉಳಿ ಕಚ್ಚಲಿಲ್ಲ, ಜಾರಿತು. ಮರವನ್ನು ಎಡಗೈಯಲ್ಲಿ ಹಿಡಿದಿದ್ದೆ. ಬೆಂಚಿಗೆ ಬಿಗಿಯದೆ ಉಳಿಯ ದಾರಿಗೇ ಕೈ ಅಡ್ಡವಿಟ್ಟದ್ದು ಅಂಗಡಿಯವರ ತಪ್ಪಲ್ಲ, ನನ್ನದೇ.

ಹೊಲಿಗೆ ಬಿಚ್ಚಿದ ಮೇಲೆ ಸಿಟ್ಟಿನಲ್ಲಿ ಒಂದು ಉಳಿಯನ್ನು ನಾನೇ ಕಲ್ಲಿಗೆ ಉಜ್ಜಿದೆ. ಮಣಿಕಟ್ಟನ್ನು ಅತಿಯಾಗಿ ಹೊರಳಿಸಿ ಎರಡು ಮೂಲೆಗಳನ್ನೂ ಸವೆಸಿದೆ. ಸಾಗರಕ್ಕೆ ಒಯ್ದು ತೋರಿಸಿದಾಗ ಹಿರಿಯರು ಅದನ್ನು ಬೆಳಕಿಗೆ ಹಿಡಿದು, ‘ಇದು ಉಳಿಯಲ್ಲ ಮಾರಾಯರೇ, ಚಮಚ’ ಎಂದರು. ಬೈದಿದ್ದರೆ ವಾಸಿಯಿತ್ತು.

ಅವರು ಮಾಡಿ ತೋರಿಸಿದ್ದನ್ನು ಬರೆದಿಡುತ್ತೇನೆ. ಮೊದಲು ಉಳಿಯ ಹೊರಗಿನ ಇಳಿಜಾರಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿಯಿರಿ. ನೆನೆದ ಕಲ್ಲಿನ ಮೇಲೆ ಇಳಿಜಾರು ಪೂರ್ತಿ ಕೂರುವಂತೆ ಇಟ್ಟು, ಅಡ್ಡಕ್ಕೆ ಸರಿಸುತ್ತಾ ಒಂದು ಮೂಲೆಯಿಂದ ಇನ್ನೊಂದರವರೆಗೆ ಮಾತ್ರ ಹೊರಳಿಸಿ, ಅಲ್ಲಿಗೆ ನಿಲ್ಲಿಸಿ. ಶಾಯಿ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ಒಂದೇ ಜಾಗದಲ್ಲಿ ಉಜ್ಜಿದರೆ ಕಲ್ಲಿನಲ್ಲಿ ಕಾಲುವೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಒಳಬದಿಯ ಅಂಚಿನಲ್ಲಿ ಕೂದಲೆಳೆಯಂಥ ತರಿ ಏಳುತ್ತದೆ. ಬೆರಳನ್ನು ಒಳಗಿನಿಂದ ಅಂಚಿನತ್ತ ನಿಧಾನವಾಗಿ ಎಳೆದರೆ ತಡೆಯುತ್ತದೆ. ಆ ಬಾಗಿಗೆ ಹೊಂದುವ ಗುಂಡು ಕಡ್ಡಿಗೆ 1000, ಆಮೇಲೆ 2000 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಸುತ್ತಿ, ಒಳಮೈಗೆ ಒರಗಿಸಿಯೇ ಅದನ್ನು ತೆಗೆಯಬೇಕು. ಕಡ್ಡಿಯನ್ನು ಎತ್ತಿದರೆ ಕೆಟ್ಟಿತು. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಉಳಿಯನ್ನು ಹಿಂದಕ್ಕೆ ಮಾತ್ರ ಎಳೆಯುವುದು.

ಪರೀಕ್ಷೆಗೆ ಮುಂಗೈ ಕೂದಲು ಬೇಡ. ಮೆದು ಮರದ ಎಳೆಗೆ ಅಡ್ಡಲಾಗಿ ಒಂದು ಗೆರೆ ತೆಗೆಯಿರಿ. ಗೆರೆಯ ತಳ ಹೊಳೆಯಬೇಕು. ಉದ್ದಕ್ಕೂ ಬಿಳಿ ಗೀರು ಕಂಡರೆ ಅಂಚಿನಲ್ಲಿ ಮುಕ್ಕಿದೆ. ದೀಪದ ಕೆಳಗೆ ಹಿಡಿದಾಗ ಅಂಚಿನ ಮೇಲೆ ಬೆಳಕಿನ ಚುಕ್ಕಿ ಮಿನುಗಿದರೆ ಅಲ್ಲಿ ಇನ್ನೂ ಮೊಂಡು.

ಅಂಗಡಿಗೆ ಕೊಡಲೇಬೇಕಾದರೆ ನೀರು ಹರಿಯುವ, ನಿಧಾನ ಸುತ್ತುವ ಕಲ್ಲಿದೆಯೇ ಎಂದು ಕೇಳಿ, ಪಕ್ಕದಲ್ಲೇ ನಿಂತಿರಿ. ಬಣ್ಣ ತಿರುಗಿದೊಡನೆ ನಿಲ್ಲಿಸಲು ಹೇಳಿ. ನೀಲಿಯಾಗಿಯೇ ಹೋಗಿದ್ದರೆ ಎಸೆಯಬೇಡಿ. ನೀಲಿ ಬಂದ ಭಾಗವನ್ನು ಕೈಯಲ್ಲೇ ಸವೆಸಿ ತೆಗೆದರೆ ಹಿಂದಿನ ಉಕ್ಕು ಗಟ್ಟಿಯಾಗಿಯೇ ಇರುತ್ತದೆ. ನನ್ನ ಐದರಲ್ಲಿ ಮೂರು ಹಾಗೆ ಬದುಕಿವೆ, ತಲಾ ಮೂರು ನಾಲ್ಕು ಮಿಲಿಮೀಟರ್ ಗಿಡ್ಡವಾಗಿ. ಒಂದು ಇನ್ನೂ ಕಲ್ಲಿನ ಮೇಲಿದೆ. ಚಮಚವನ್ನು ಹಿರಿಯರು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ, ಹೊಸದಾಗಿ ಕಲಿಯಲು ಬಂದವರಿಗೆ ತೋರಿಸಲು.