ಅಣ್ಣನ ಸಮಾರಾಧನೆ ಊಟ ಮತ್ತು ನಮ್ಮ ಅಡುಗೆ ಭಟ್ಟರು

ಮೈಸೂರಿನಲ್ಲಿ ವೈಕುಂಠ ಸಮಾರಾಧನೆಗೆ, ಅಂದರೆ ತೀರಿಕೊಂಡವರ ಹದಿಮೂರನೇ ದಿನದ ಊಟಕ್ಕೆ, ಅಡುಗೆಯವರನ್ನು ಹುಡುಕುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮಗೆ ಮಾಡಿಕೊಟ್ಟ ಕೃಷ್ಣಮೂರ್ತಿಪುರಂನ ಭಟ್ಟರ ಅಡುಗೆ ಚೆನ್ನಾಗಿತ್ತು, ಬಡಿಸಿದ್ದು ಇನ್ನೂ ಚೆನ್ನಾಗಿತ್ತು, ಲೆಕ್ಕ ಬರೆದುಕೊಡುವುದರಲ್ಲಿ ಮಾತ್ರ ಸೊನ್ನೆ. ಬೋರ್ಡಿಲ್ಲ, ಕಾರ್ಡಿಲ್ಲ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಈಗಿರುವ ಕೆಲಸವೇ ಜಾಸ್ತಿಯಂತೆ. ಆ ಕಡೆ ಯಾವ ಪುರೋಹಿತರನ್ನು ಕೇಳಿದರೂ ಮನೆ ತೋರಿಸುತ್ತಾರೆ.

ತೀರಿಕೊಂಡವರು ನಮ್ಮ ತಂದೆ. ಮನೆಯಲ್ಲಿ ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದದ್ದು. ತೊಂಬತ್ತೊಂದು ತುಂಬಿತ್ತು. ಯಾದವಗಿರಿಯಲ್ಲಿ 1961ರಲ್ಲಿ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ ಶುರುವಾದ ಹೊಸತರಲ್ಲೇ ಸೇರಿ, ಕ್ರೋಮ್ ಪ್ಲೇಟಿಂಗ್ ಮಾಡಿಕೊಂಡೇ ನಿವೃತ್ತರಾದವರು. 1996ರಲ್ಲಿ ಕಾರ್ಖಾನೆಗೆ ಬೀಗ ಬಿದ್ದಾಗ ತಾವು ಬಿಟ್ಟು ವರ್ಷಗಳಾಗಿದ್ದರೂ ಸರಿಯಾಗಿ ಊಟ ಮಾಡಲಿಲ್ಲ. ಎರಡು ವಿಷಯದಲ್ಲಿ ಅವರದು ರಾಜಿಯಿಲ್ಲದ ಸ್ವಭಾವ: ಪೆಟ್ರೋಲ್ ಟ್ಯಾಂಕಿನ ಹೊಳಪು, ಎಲೆಯ ಮೇಲಿನ ಊಟ. ತಮ್ಮ ಸಮಾರಾಧನೆಗೆ ಏನೇನು ಮಾಡಿಸಬೇಕು ಅಂತ ಹಾಲಿನ ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ಬರೆದಿಟ್ಟಿದ್ದರು. 'ಪನ್ನೀರ್ ಬೇಡ. ಐಸ್‌ಕ್ರೀಂ ಬೇಡ. ಬಫೆ ಖಂಡಿತಾ ಬೇಡ. ಮೈಸೂರು ಪಾಕು ಗಟ್ಟಿ ಇರಲಿ. ಇವಳಿಗೆ ಮೊದಲ ಪಂಕ್ತಿಯಲ್ಲೇ ಬಡಿಸಿ, ಕಾಯಿಸಬೇಡಿ.' 'ಇವಳು' ಅಂದರೆ ನಮ್ಮಮ್ಮ.

ಮೊದಲು ವಿಚಾರಿಸಿದ್ದ ಇನ್ನೊಬ್ಬ ಕಂಟ್ರ್ಯಾಕ್ಟರು ವಾಟ್ಸಾಪ್‌ನಲ್ಲಿ ಕಳಿಸಿದ ಮೆನುವಿನಲ್ಲಿ 'ವೆಲ್‌ಕಂ ಡ್ರಿಂಕ್' ಇತ್ತು. ಸಮಾರಾಧನೆಗೆ! ಅಣ್ಣ ಇದ್ದಿದ್ದರೆ ಒಂದು ವಾರ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಈ ಭಟ್ಟರು ಹಾಲಿನ ಪುಸ್ತಕದ ಪುಟ ಓದಿ, ಕನ್ನಡಕ ತೆಗೆದು, "ತಿಂದು ಬಲ್ಲವರು ಬರೆದಿರೋದು ಕಣಮ್ಮ. ಇದನ್ನ ನನ್ನ ಹತ್ರ ಬಿಟ್ಟಿರಿ" ಅಂದರು.

ಕರ್ಮದ ದಿನಗಳ ಅಡುಗೆಯೂ ಅವರದೇ. ಇದು ತಿಳಿಯದೆ ಒದ್ದಾಡುವವರು ಬಹಳ, ಅದಕ್ಕೇ ಹೇಳುತ್ತೇನೆ: ಆ ದಿನಗಳಲ್ಲಿ ಟೊಮೇಟೊ, ಆಲೂಗಡ್ಡೆ, ಎಲೆಕೋಸು ಯಾವುದೂ ನಡೆಯುವುದಿಲ್ಲ. ಖಾರಕ್ಕೆ ಮೆಣಸು. ಮಡಿಯಲ್ಲಿ ಮಾಡುವವರು ಬೇರೆ, ಹದಿಮೂರನೇ ದಿನಕ್ಕೆ ಬರುವವರು ಬೇರೆ. ಎರಡಕ್ಕೂ ಒಂದೇ ಕಡೆ ಹೇಳಿದರೆ ನಿಮಗೊಂದು ತಲೆನೋವು ಕಡಿಮೆ.

ಇನ್ನು ಮೈಸೂರು ಪಾಕು. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರು ಅಂತ ಊರೆಲ್ಲ ಹೇಳುವ ಈ ತಿಂಡಿ ಈಗ ಹೆಚ್ಚಿನ ಕಡೆ ಬಾಯಿಗಿಟ್ಟರೆ ಕರಗುವ ತುಪ್ಪದ ಮುದ್ದೆಯಾಗಿದೆ. ಭಟ್ಟರು ಹಿತ್ತಲಲ್ಲಿ ಒಲೆ ಹಾಕಿ ಹಳೇ ಕ್ರಮದಲ್ಲೇ ಮಾಡಿದರು. ಒಂದೆಳೆ ಪಾಕಕ್ಕೆ ಕಡಲೆಹಿಟ್ಟು ಉದುರಿಸುತ್ತಾ ಒಬ್ಬ ತಿರುವುತ್ತಿದ್ದರೆ, ಇನ್ನೊಬ್ಬ ಪಕ್ಕದ ಒಲೆಯಿಂದ ಹೊಗೆಯಾಡುವ ತುಪ್ಪ ಸೌಟು ಸೌಟಾಗಿ ಸುರಿಯುತ್ತಿದ್ದ. ಪ್ರತಿ ಸೌಟಿಗೂ ಹಿಟ್ಟು ಚೊರ್ ಅಂತ ನೊರೆಯೆದ್ದು ಉಬ್ಬುತ್ತಿತ್ತು. ತಟ್ಟೆಗೆ ಸುರಿದು ಬಿಸಿಯಿದ್ದಾಗಲೇ ಗೆರೆ ಎಳೆದರು. ಆರಿದ ಮೇಲೆ ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು, ಅಂಚು ಹಳದಿ, ಶಾಖ ಉಳಿದ ನಡುಭಾಗ ಕಂದು.

ಆ ಕಂದು ಭಾಗಕ್ಕೆ ನಾವು ಮೂರು ಮಕ್ಕಳೂ ಕಿತ್ತಾಡುತ್ತಿದ್ದೆವು. ಅಣ್ಣ ಸ್ಟೀಲ್ ಸ್ಕೇಲಿಟ್ಟು ನಡುವನ್ನು ಮೂರು ಪಾಲು ಮಾಡಿ ಕೊಟ್ಟು, ಉಳಿದ ಅಂಚಿನಲ್ಲಿ ಅರ್ಧ ಅಮ್ಮನಿಗಿಟ್ಟು, ತಟ್ಟೆಯಲ್ಲಿ ಉದುರಿದ ಪುಡಿ ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪುಡಿಯೇ ರುಚಿ ಅಂತ ವಾದ ಬೇರೆ. ನಾವು ನಂಬಿದ್ದೆವು.

ಹದಿಮೂರನೇ ದಿನ ಕೋಸಂಬರಿಯಿಂದ ಮಜ್ಜಿಗೆಯವರೆಗೆ ಎಲ್ಲವೂ ಹದವಾಗಿತ್ತು. ಆಂಬೊಡೆ ಗರಿಗರಿ, ತೊವ್ವೆಗೆ ತುಪ್ಪ ಕೇಳುವ ಮೊದಲೇ ಬಿತ್ತು. ನಾನು ಅಂಕ ಕೊಡುವುದು ಮಾತ್ರ ಬಡಿಸಿದ್ದಕ್ಕೆ. ಮೊದಲ ಪಂಕ್ತಿ ಬ್ರಾಹ್ಮಣರದು, ಅಲ್ಲಿ ಅಮ್ಮ ಕೂರುವುದೇ ಅಂತ ನಮ್ಮ ಸೋದರತ್ತೆ ತಗಾದೆ ತೆಗೆದರು. ಭಟ್ಟರು ವಾದಕ್ಕೆ ಹೋಗಲಿಲ್ಲ. ಪಕ್ಕದ ಕೋಣೆಯಲ್ಲಿ ಮೇಜು ಹಾಕಿಸಿ ಎಲೆ ಹರಡಿ, "ಇದೂ ಅದೇ ಪಂಕ್ತಿನೇ ಅಮ್ಮ. ಯಜಮಾನರು ಬರೆದಿಟ್ಟ ಮೇಲೆ ನಂದೇನು ನಿಮ್ದೇನು" ಅಂದರು. ಅತ್ತೆ ಸುಮ್ಮನಾದರು.

ಅಮ್ಮನಿಗೆ ಪಾರ್ಕಿನ್ಸನ್ಸ್. ಕೈ ನಡುಗಲು ಶುರುವಾದ ಮೇಲೆ ಅವರ ತಲೆ ಬಾಚಿ ಜಡೆ ಹಾಕುತ್ತಿದ್ದದ್ದು ಅಣ್ಣನೇ. ಪ್ಲೇಟಿಂಗ್ ಕೆಲಸಕ್ಕೆ ಒರಟಾದ ಬೆರಳಿಗೆ ಕೂದಲು ಸಿಕ್ಕಿಕೊಳ್ಳುತ್ತದೆ ಅಂತ ಮೊದಲು ತಮ್ಮ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ದೇವರಾಜ ಮಾರುಕಟ್ಟೆಯಿಂದ ತಂದ ಒಂದು ಮೊಳ ಮಲ್ಲಿಗೆ ಮುಡಿಸಿ, ಆಮೇಲೆ ಸಾರನ್ನ ಕಲಸಿ ಬಟ್ಟಲಿಗೆ ಹಾಕಿ ಕೈಗೆ ಚಮಚ ಕೊಡುತ್ತಿದ್ದರು. ತಾವು ತಿನ್ನಿಸುತ್ತಿರಲಿಲ್ಲ. 'ಅವಳಿಗೆ ಅವಮಾನ' ಅನ್ನುತ್ತಿದ್ದರು. ಇದನ್ನೆಲ್ಲ ನಾವು ಭಟ್ಟರಿಗೆ ಹೇಳಿರಲಿಲ್ಲ. ಸಾರಿನ ಬಕೆಟ್ ಹಿಡಿದು ಬಂದ ಹುಡುಗ ಅಮ್ಮನ ಕೈ ನೋಡಿ ಹಿಂದಕ್ಕೆ ಹೋದ. ದೊಡ್ಡದೊಂದು ಬಟ್ಟಲು, ಚಮಚ ತಂದು, ಅನ್ನ ಮೆತ್ತಗೆ ಮಸೆದು ಸಾರು ಹಾಕಿ, ಚಮಚದ ಹಿಡಿ ಅಮ್ಮನ ಕಡೆಗಿರುವಂತೆ ಇಟ್ಟು ಮುಂದಿನ ಎಲೆಗೆ ಹೊರಟ. ಆ ಹುಡುಗನಿಗೆ ಇಪ್ಪತ್ತು ಇಪ್ಪತ್ತೆರಡು ಇರಬಹುದು. ಆ ದಿನಗಳಲ್ಲಿ ಬರೀ ಕಾಫಿ ಕುಡಿದುಕೊಂಡಿದ್ದ ಅಮ್ಮ ಅಂದು ಮಜ್ಜಿಗೆ ಅನ್ನದವರೆಗೂ ಊಟ ಮಾಡಿದರು.

ಕೊರತೆಗಳೂ ಇವೆ. ಕೊನೆಯ ಪಂಕ್ತಿಗೆ ಸಾರು ನೀರಾಗಿತ್ತು. ಆ ಪಂಕ್ತಿಯಲ್ಲಿದ್ದವರು ಅಣ್ಣನ ಜಾವಾ ಗೆಳೆಯರು, ಎಲ್ಲರೂ ಎಂಬತ್ತು ದಾಟಿದವರು. ಗೇರ್ ಲಿವರನ್ನೇ ಮೇಲಕ್ಕೆತ್ತಿ ಕಿಕ್ಕರ್ ಮಾಡುವ ಯುಕ್ತಿ ಇವತ್ತಿನ ಯಾವ ಗಾಡಿಯಲ್ಲಿದೆ ಅಂತ ಮಾತಾಡಿಕೊಳ್ಳುತ್ತಾ ಸಾರು ಗಮನಿಸಲಿಲ್ಲ, ಪಾಕಕ್ಕೆ ಎರಡನೇ ಸಲ ಕೈ ಚಾಚಿದರು. ಭಟ್ಟರ ವ್ಯಾನಿನಲ್ಲಿ ನಮ್ಮ ಕೊಳದಪ್ಪಲೆ ಪಾತ್ರೆಯೂ ಹೊರಟುಹೋಗಿತ್ತು, ಫೋನ್ ಮಾಡಿ ತರಿಸಿಕೊಂಡೆವು. ಲೆಕ್ಕ ಕೇಳಿದರೆ ಬಾಯಿಲೆಕ್ಕ. ರಸೀದಿ ಬೇಕೆಂದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಡುತ್ತಾರೆ.

ಸಾಮಾನು ಅವರದೇ ಆದರೆ ಎಲೆಗೆ 380 ರೂಪಾಯಿ ಹಿಡಿದರು. ಸಾಮಾನು ನೀವೇ ತಂದುಕೊಟ್ಟರೆ ಕೂಲಿ ಮಾತ್ರ, ಆದರೆ ಅವರ ಪಟ್ಟಿಯಲ್ಲಿ ತುಪ್ಪದ ಅಳತೆ ನೋಡಿ ಗಾಬರಿಯಾಗಬೇಡಿ, ಅಷ್ಟೂ ಖರ್ಚಾಗುತ್ತದೆ. ಪಿತೃಪಕ್ಷದಲ್ಲಿ ಫೋನ್ ಎತ್ತುವುದಿಲ್ಲ, ಮನೆಗೇ ಹೋಗಿ, ಅದೂ ಮಧ್ಯಾಹ್ನ ಮೂರರ ಮೇಲೆ. ಮಿಕ್ಕಿದ್ದನ್ನು ತುಂಬಿಟ್ಟುಕೊಳ್ಳಲು ಪಾತ್ರೆ ನೀವೇ ಇಟ್ಟುಕೊಂಡಿರಿ. ಎಣಿಸಿ.