ಕ್ಯಾಸೆಟ್‌ನಿಂದ ಪೆನ್‌ಡ್ರೈವ್‌ಗೆ: ಚಂಡೆಯ ಪೆಟ್ಟು ಉಳಿಯಬೇಕಾದರೆ

ಯಕ್ಷಗಾನದ ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಶಿವಮೊಗ್ಗದ ಈ ಅಂಗಡಿಯ ಕೆಲಸ ಅಚ್ಚುಕಟ್ಟು. ಮಲೆನಾಡಿನ ಮಳೆಗೆ ಹಿಡಿದ ಬೂಷ್ಟು ತೆಗೆದು, ಟೇಪ್ ಓದುವ ಹೆಡ್ ಒರೆಸಿಯೇ ಟೇಪ್ ಓಡಿಸುತ್ತಾರೆ. ತೊಂದರೆ ಇರುವುದು ಕೊಡುವ ಫೈಲಿನಲ್ಲಿ. ಕೇಳದಿದ್ದರೆ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಸಿಗುತ್ತದೆ. ಭಾಗವತರ ದನಿಗೆ ಅದು ನಡೆದೀತು, ಚಂಡೆಗೆ ಸಾಲದು. ಎಂಪಿ3 ಸದ್ದನ್ನು ತುಂಡು ತುಂಡಾಗಿ ಅಳೆದು, ಕಿವಿ ಗಮನಿಸದ್ದನ್ನು ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟಾಗ ಆಗುವ ತಪ್ಪು ಇಡೀ ತುಂಡಿಗೆ ಹರಡಿ, ಪೆಟ್ಟು ಬೀಳುವ ಮೊದಲೇ ಸಣ್ಣಗೆ 'ಸ್ಸ್' ಎನ್ನುತ್ತದೆ, ಪೆಟ್ಟು ಮೊಂಡಾಗುತ್ತದೆ.

'ಫ್ಲ್ಯಾಕ್ ಕೊಡಿ' ಎಂದು ಮೊದಲೇ ಹೇಳಿ; ಅದು ಸದ್ದಿನಲ್ಲಿ ಏನನ್ನೂ ಬಿಡದೆ ಫೈಲನ್ನು ಕುಗ್ಗಿಸುವ ಬಗೆ. ನಿಮಿಷಕ್ಕೆ 10 ಎಂಬಿಯ ವೇವ್ (ಕುಗ್ಗಿಸದ ಫೈಲ್) ಅದರಲ್ಲಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಮಾಹಿತಿಯ ಒಂದು ಬಿಟ್ ಕೂಡ ಕಳೆಯುವುದಿಲ್ಲ. ಟೇಪಿನ ಹಿಸ್ (ಹಿನ್ನೆಲೆಯ 'ಸುಯ್' ಸದ್ದು) ಹೆಚ್ಚಿದ್ದರೆ ಮಾತ್ರ ಅಷ್ಟು ಕುಗ್ಗದು. ಕಾರಿಗೆ ಬೇಕಾದ ಎಂಪಿ3ಯನ್ನು ಆ ಫ್ಲ್ಯಾಕ್ ಫೈಲಿನಿಂದಲೇ ಮಾಡಿಕೊಳ್ಳಬಹುದು.