ಡಿಸ್ಕ್ ಹಾಕಿಸಿದ ಸ್ಪಿಟ್‌ಫೈರ್‌ಗೆ ಯಾವ ಹ್ಯಾಂಡ್‌ಬ್ರೇಕ್?

ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹಿಂದಿನ ಡ್ರಮ್ ಬಿಚ್ಚಿ ಡಿಸ್ಕ್ ಕೂರಿಸಿದರೆ ಡ್ರಮ್ ಜೊತೆಗೇ ಹ್ಯಾಂಡ್‌ಬ್ರೇಕೂ ಹೋಗುತ್ತದೆ. ಕಾಲಿನ ಬ್ರೇಕಿನ ಜೊತೆ ಪಾರ್ಕಿಂಗ್ ಬ್ರೇಕ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 96ನೇ ನಿಯಮವೇ ಹೇಳುತ್ತದೆ. ಚಿತ್ರದುರ್ಗದ ಏರಿನಲ್ಲಿ ಗೇರನ್ನಷ್ಟೇ ನಂಬಿ ಗಾಡಿ ನಿಲ್ಲಿಸೋದೂ ಸರಿಯಲ್ಲ. ಮೂರು ಬಗೆ ಹಾಕಿ ನೋಡಿದ ಮೇಲೆ ನನ್ನ ಓಟು, ಹ್ಯಾಂಡ್‌ಬ್ರೇಕ್ ಕೇಬಲ್ ಸಿಗಿಸೋಕೆ ತನ್ನದೇ ಲಿವರ್ ಇರುವ ಕ್ಯಾಲಿಪರ್‌ಗೆ (ಪ್ಯಾಡ್‌ಗಳಿಂದ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ): ಕಾಲಿನ ಬ್ರೇಕಿಗೂ ಹ್ಯಾಂಡ್‌ಬ್ರೇಕಿಗೂ ಒಂದೇ ಪಿಸ್ಟನ್.

ಲೈನ್ ಲಾಕ್, ಅಂದರೆ ಪೆಡಲ್ ಒತ್ತಿದ ಒತ್ತಡವನ್ನು ಬ್ರೇಕ್ ಪೈಪಿನಲ್ಲೇ ಹಿಡಿದಿಡುವ ವಾಲ್ವ್, ಬೇಡವೇ ಬೇಡ. ಆಯಿಲ್ ತಣ್ಣಗಾದಂತೆ ಒತ್ತಡ ಇಳಿಯುತ್ತದೆ, ಗಾಡಿ ಉರುಳುತ್ತದೆ.

ಡಿಸ್ಕಿನ ಇನ್ನೊಂದು ಬದಿಗೆ ಕೂರಿಸುವ, ಕೇಬಲ್‌ನಿಂದಷ್ಟೇ ನಡೆಯುವ ಪುಟ್ಟ ಕ್ಯಾಲಿಪರ್ ನೋಡೋಕೆ ಅಚ್ಚುಕಟ್ಟು. ತೊಂದರೆ ಹಿಡಿತದ್ದು. ಡ್ರಮ್ ತಿರುಗುವಾಗ ಶೂವನ್ನು ತಾನೇ ಒಳಕ್ಕೆ ಎಳೆದುಕೊಂಡು ಬಿಗಿ ಹೆಚ್ಚಿಸುತ್ತದೆ. ಡಿಸ್ಕಿಗೆ ಆ ಗುಣ ಇಲ್ಲ. ಡ್ರಮ್‌ಗೆಂದು ಮಾಡಿದ ಹಳೇ ಲಿವರ್‌ನ ಎಳೆತ ಇದಕ್ಕೆ ಸಾಲದು. ಲಿವರ್ ಬುಡದಲ್ಲಿ ಕೇಬಲ್ ಸಿಗಿಸುವ ತೂತನ್ನು ತಿರುಗುವ ಪಿನ್‌ಗೆ ಹತ್ತಿರ ಕೊರೆಸಬೇಕು, ಆಗ ಎಳೆತ ಹೆಚ್ಚುತ್ತದೆ, ಆದರೆ ಲಿವರ್ ಎತ್ತುವ ದೂರವೂ ಹೆಚ್ಚಾಗುತ್ತದೆ. ಓಡುವಾಗ ಸವೆಯದ ಪ್ಯಾಡ್ ಹೊಳಪು ಹಿಡಿದು ಜಾರುತ್ತದೆ ಬೇರೆ.

ಲಿವರ್ ಕ್ಯಾಲಿಪರ್‌ನಲ್ಲಿ ತಲೆ ತಿನ್ನೋದು ಒಂದೇ ವಿಷಯ, ಕೇಬಲ್ ಬಿಗಿ. ಪ್ಯಾಡ್ ಸವೆದಷ್ಟೂ ಒಳಗಿನ ಸ್ಕ್ರೂ ಕಾಲಿನ ಬ್ರೇಕ್ ಒತ್ತಿದಾಗ ತಾನೇ ಮುಂದೆ ಬರುತ್ತದೆ. ಅದು ನಡೆಯೋದು ಹ್ಯಾಂಡ್‌ಬ್ರೇಕ್ ಬಿಟ್ಟಾಗ ಕ್ಯಾಲಿಪರ್ ಲಿವರ್ ಪೂರ್ತಿ ಹಿಂದಕ್ಕೆ ಬಂದು ತನ್ನ ಸ್ಟಾಪ್‌ಗೆ ತಾಗಿ ಕೂತರೆ ಮಾತ್ರ. ಕೇಬಲ್ ಚೂರು ಬಿಗಿಯಾಗಿದ್ದರೂ ಲಿವರ್ ಒಂದೆರಡು ಮಿ.ಮೀ. ಎದ್ದೇ ಇರುತ್ತದೆ. ಸ್ಕ್ರೂ ಮುಂದೆ ಬರಲ್ಲ, ಪೆಡಲ್ ಆಳಕ್ಕೆ ಹೋಗುತ್ತದೆ, ಹ್ಯಾಂಡ್‌ಬ್ರೇಕ್ ಹಿಡಿಯಲ್ಲ. ಗ್ಯಾರೇಜಿನವರು ಕೇಬಲ್ ಇನ್ನೂ ಬಿಗಿ ಮಾಡುತ್ತಾರೆ, ರೋಗ ಇನ್ನೂ ಹೆಚ್ಚಾಗುತ್ತದೆ.

ಹಾಗಾಗಿ ಮೊದಲು ಕೇಬಲ್ ಸಿಗಿಸಲೇಬೇಡಿ. ಬ್ಲೀಡ್ ನಿಪ್ಪಲ್ (ಆಯಿಲ್‌ನಲ್ಲಿ ಸೇರಿದ ಗಾಳಿ ಹೊರಬಿಡುವ ತಿರುಪು) ಮೇಲಕ್ಕೆ ಬರುವಂತೆ ಕ್ಯಾಲಿಪರ್ ಕೂರಿಸಿ. ಎಡ ಬಲ ಅದಲು ಬದಲಾದರೆ ನಿಪ್ಪಲ್ ಕೆಳಗೆ ಬಂದು ಒಳಗೆ ಗಾಳಿ ಉಳಿಯುತ್ತದೆ. ಪಿಸ್ಟನ್ ಒಳಗೆ ಹೋಗಬೇಕಾದರೆ ತಿರುಗಿಸಬೇಕು, ಸಿ-ಕ್ಲ್ಯಾಂಪ್‌ನಿಂದ ಒತ್ತಿದರೆ ಒಳಗಿನ ಸ್ಕ್ರೂ ಹಾಳು. ಬ್ಲೀಡ್ ಮುಗಿಸಿ, ಪೆಡಲ್ ಗಟ್ಟಿ ನಿಲ್ಲುವವರೆಗೆ ನಿಧಾನಕ್ಕೆ ಮೂವತ್ತು ನಲವತ್ತು ಸಲ ಒತ್ತಿ. ಆಮೇಲೆ ಕೇಬಲ್. ಬಿಲ್ ಚೀಟಿಯ ಒಂದು ತುಂಡನ್ನು ಕ್ಯಾಲಿಪರ್ ಲಿವರ್‌ಗೂ ಸ್ಟಾಪ್‌ಗೂ ನಡುವೆ ಇಟ್ಟು ಎಳೆಯಿರಿ: ಸಲೀಸಾಗಿ ಜಾರಿ ಬಂದರೆ ಕೇಬಲ್ ಬಿಗಿ ಜಾಸ್ತಿ, ಹಿಡಿದು ನಿಂತರೆ ಸರಿ.

ಈ ಪರೀಕ್ಷೆ ಪಿಟ್ ಮೇಲೆ, ಚಕ್ರ ನೆಲಕ್ಕಿದ್ದಾಗಲೇ ಮಾಡಿ. ಸ್ಪಿಟ್‌ಫೈರ್ ನಿಂತಿರೋದು ಟ್ರಯಂಫ್‌ನದೇ ಹೆರಾಲ್ಡ್ ಕಾರಿನ ಚಾಸಿಯ ತಳಹದಿ ಮೇಲೆ, ಹಿಂದಿನ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ. ಜಾಕ್ ಎತ್ತಿದರೆ ಹಿಂದಿನ ಚಕ್ರಗಳು ಜೋತುಬಿದ್ದು ಒಳಕ್ಕೆ ವಾಲುತ್ತವೆ, ಕೇಬಲ್ ಹಾದಿಯ ಉದ್ದವೇ ಬದಲಾಗುತ್ತದೆ. ಆ ಸ್ಥಿತಿಯಲ್ಲಿ ಹೊಂದಿಸಿದ್ದು ಇಳಿಸಿದ ಮೇಲೆ ನಿಲ್ಲಲ್ಲ.

ಭಾನುವಾರವಷ್ಟೇ ಹೊರಗೆ ಬರುವ ಗಾಡಿ, ಕೈಯಲ್ಲಿರೋದು ಸಾಧಾರಣ ದುಡ್ಡು. ಬೇರೆ ಕಾರಿನಿಂದ ಬಿಚ್ಚಿದ ಹಳೇ ಕ್ಯಾಲಿಪರ್‌ಗೆ ಸೀಲ್ ಕಿಟ್ ಹಾಕಿ, ಬ್ರಾಕೆಟ್ಟನ್ನು ದಾವಣಗೆರೆಯ ಲೇತ್‌ನಲ್ಲಿ ಮಾಡಿಸಿದರೆ ಮುಗೀತು. ವಿದೇಶದಿಂದ ಜೋಡಿ ಪುಟ್ಟ ಕ್ಯಾಲಿಪರ್ ತರಿಸಿ ಕಸ್ಟಮ್ಸ್ ಸುಂಕ ಕಟ್ಟುವ ಗೋಜಿಲ್ಲ. ಕೇಬಲ್‌ಗೆ ಮಾತ್ರ ಸ್ಕೂಟರ್ ಕ್ಲಚ್ ವೈರ್ ಬೇಡ, ಹಿಗ್ಗುತ್ತದೆ, 3 ಮಿ.ಮೀ. ಒಳತಂತಿ, ಅದರ ತುದಿಗೆ ಒತ್ತಿ ಕೂರಿಸಿದ ನಿಪ್ಪಲ್ (ಕೇಬಲ್ ಸಿಗಿಸುವ ಗುಂಡು) ಇರೋದನ್ನು ಕೇಳಿ.

ಕೊನೆಗೆ ಜೋಗಿಮಟ್ಟಿ ರಸ್ತೆಯ ಏರಿನಲ್ಲಿ ಮೂತಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ ನಿಲ್ಲಿಸಿ ನೋಡಿ. ಬ್ರೇಕ್ ಬಿಸಿ ಇರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ನಾಲ್ಕು ಬೆರಳು ಜಾಗ ಬಿಟ್ಟು ಕಲ್ಲಿಡಿ. ಅರ್ಧ ಗಂಟೆಗೆ ಡಿಸ್ಕ್ ತಣ್ಣಗಾಗಿ ಕುಗ್ಗುತ್ತದೆ. ಆಗಲೂ ಚಕ್ರ ಕಲ್ಲಿಗೆ ಬಂದು ತಾಗಿರಬಾರದು.